ಓವರ್‌ಹೆಡ್ ಟ್ಯಾಂಕ್: ಚೌಕ, ದುಂಡು, ಇಂಟ್ಜ್, ಯಾವ್ದು ಹಾಕೋದು?

ಮೂರರಲ್ಲಿ ಯಾವ್ದು ಅಗ್ಗ ಅಂದ್ರೆ, ಎಷ್ಟು ಲೀಟರ್ ಅನ್ನೋದ್ರ ಮೇಲಿದೆ. ಸಣ್ಣದಕ್ಕೆ ಚೌಕಾನೇ ಸಾಕು, ನೇರ ಹಲಗೆ ಹೊಡೆದ್ರೆ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯೋ ಅಚ್ಚು) ಮುಗೀತು, ಆದ್ರೆ 3 ಮೀಟರ್ ನೀರು ನಿಂತ್ರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 3 ಟನ್ ಒತ್ತಡ, ಗೋಡೆ ಬಾಗೋಕೆ ನೋಡುತ್ತೆ, ಮೂಲೇಲಿ ಕಬ್ಬಿಣ ಜಾಸ್ತಿ ತಿನ್ನುತ್ತೆ. ದುಂಡಗಿದ್ರೆ ರಿಂಗ್ ಕಂಬಿಗಳೇ ಎಳೆತ ಹಿಡ್ಕೊಳ್ತವೆ, ಪೀಪಾಯಿ ಪಟ್ಟಿ ಥರ, ಹಾಗಾಗಿ ಗೋಡೆ ತೆಳ್ಳಗಿದ್ರೂ ನಡೆಯುತ್ತೆ, ಮಧ್ಯಮ ಸೈಜಿಗೆ ನಾನಂತೂ ಇದನ್ನೇ ಹೇಳ್ತೀನಿ. ವ್ಯಾಸ ಹೆಚ್ಚಾದಂಗೆ ಮಾತ್ರ ಚಪ್ಪಟೆ ತಳದ ಸ್ಲ್ಯಾಬ್ ದಪ್ಪ ಆಗ್ತಾ ಹೋಗುತ್ತೆ.

ದೊಡ್ಡದಾದ್ರೆ ಇಂಟ್ಜ್, ಅಂದ್ರೆ ಚಪ್ಪಟೆ ತಳದ ಬದಲು ಸುತ್ತ ಇಳಿಜಾರು ಕೋನ್, ಮಧ್ಯೆ ಡೋಮ್ ಇರೋ ದುಂಡು ಟ್ಯಾಂಕ್. ಇಳಿಜಾರು ಕೋನ್ ಒಳಗೆ ತಳ್ಳುತ್ತೆ, ಮಧ್ಯದ ಡೋಮ್ ಹೊರಗೆ ತಳ್ಳುತ್ತೆ, ಇವೆರಡೂ ಸೇರೋ ಕಡೆ ಇರೋ ದುಂಡು ತೊಲೆ, ಅಂದ್ರೆ ರಿಂಗ್ ಬೀಮ್ ಹತ್ರ, ಎರಡೂ ಬಹುಪಾಲು ವಜಾ ಆಗಿ ಕಾಂಕ್ರೀಟ್ ಉಳಿತಾಯ ಆಗುತ್ತೆ. ಬಾಗಿದ ಸೆಂಟ್ರಿಂಗ್‌ಗೆ ಪಳಗಿದ ಕೈ ಸಿಗ್ಲಿಲ್ಲ ಅಂದ್ರೆ ಉಳಿಸಿದ್ದೆಲ್ಲ ಕೂಲೀಲೇ ಹೋಗುತ್ತೆ, ಆಗ ದುಂಡೇ ವಾಸಿ.