ಮನೆಗೇ ಬಂದು ಪಿಎಸ್‌ಎ ರಕ್ತಪರೀಕ್ಷೆ, ಶಿವಮೊಗ್ಗ: ಸೂಜಿಗೆ ಪೂರ್ತಿ ಮಾರ್ಕು, ವರದಿಗೆ ಅರ್ಧ

ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ನೋ ರೇಡಿಯೇಷನ್ನೋ ಆದವರು ಮೊದಲ ವರ್ಷಗಳಲ್ಲಿ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ, ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪ್ರೋಟೀನಾದ ಪಿಎಸ್‌ಎ ನೋಡಿಸಿಕೊಳ್ಳಲೇಬೇಕು. ಶಿವಮೊಗ್ಗದ ಖಾಸಗಿ ಲ್ಯಾಬೊಂದು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತದೆ, ತೀರ್ಥಹಳ್ಳಿ, ಸಾಗರದ ಕಡೆಗೂ ಬರುತ್ತದೆ. ಆಷಾಢದ ಮಳೆಯಲ್ಲಿ ಬಸ್ಸಿಗೆ ಕಾಯಬೇಕಾದ ವಯಸ್ಸಾದವರಿಗೆ ಇದು ದೊಡ್ಡ ಉಪಕಾರ.

ರಕ್ತ ತೆಗೆಯುವ ಕೆಲಸದಲ್ಲಿ ದೂರುವಂಥದ್ದೇನಿಲ್ಲ. ಹುಡುಗರು ಹೇಳಿದ ಹೊತ್ತಿಗೆ ಬರುತ್ತಾರೆ, ಹಳದಿ ಮುಚ್ಚಳದ ಜೆಲ್ ಟ್ಯೂಬಿಗೆ ನಮ್ಮೆದುರೇ ಹೆಸರಿನ ಚೀಟಿ ಅಂಟಿಸುತ್ತಾರೆ, ಟ್ಯೂಬನ್ನು ಕುಲುಕದೆ ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡುತ್ತಾರೆ. ಹಾಗೆ ಮಾಡುವುದು ಬಲ್ಲವರ ಲಕ್ಷಣ. ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಮ್ (ರಕ್ತದ ತಿಳಿ ದ್ರವ) ಬೇರೆ ಮಾಡಬೇಕು. ಅದಕ್ಕೆ ಮೊದಲೇ ಘಟ್ಟದ ರಸ್ತೆಯಲ್ಲಿ ಕುಲುಕಿ ರಕ್ತಕಣ ಒಡೆದರೆ ಸೀರಮ್ ಕೆಂಪಾಗಿ ಮತ್ತೆ ಕೈ ಚಾಚಬೇಕಾದೀತು. ಹಳ್ಳಿಯವರು "ಎಲ್ಲಿ ತಿರುಗಿಸ್ತೀರಿ, ಎಷ್ಟು ಹೊತ್ತಿಗೆ?" ಎಂದು ಮೊದಲೇ ಕೇಳಿಕೊಳ್ಳಲಿ.

ಬರೀ ಹೊಟ್ಟೆಯಲ್ಲಿರಿ ಎನ್ನುತ್ತಾರೆ. ಅದು ಸಕ್ಕರೆ, ಕೊಬ್ಬು ಸೇರಿದ ಪ್ಯಾಕೇಜಿನ ಸಲುವಾಗಿ, ಪಿಎಸ್‌ಎಗೆ ಕಾಫಿ ತಿಂಡಿ ಯಾವುದೂ ಅಡ್ಡಿಯಿಲ್ಲ. ಆ ಪ್ಯಾಕೇಜಿನಲ್ಲಿ ಬರುವ, ಬೇರೆ ಪ್ರೋಟೀನಿಗೆ ಅಂಟದ ಪಾಲನ್ನಷ್ಟೇ ಅಳೆಯುವ ಫ್ರೀ ಪಿಎಸ್‌ಎ ಚಿಕಿತ್ಸೆ ಮುಗಿದವರಿಗೆ ದಂಡದ ಖರ್ಚು, ಟೋಟಲ್ ಪಿಎಸ್‌ಎ ಒಂದೇ ಸಾಕು. ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿರುವವರು ಮಾತ್ರ ಡಾಕ್ಟರನ್ನು ಕೇಳಿ ಟೆಸ್ಟೋಸ್ಟೆರಾನ್ (ಆ ಇಂಜೆಕ್ಷನ್ ತಗ್ಗಿಸಬೇಕಾದ ಗಂಡು ಹಾರ್ಮೋನ್) ಪರೀಕ್ಷೆ ಸೇರಿಸಬಹುದು. ಅದು 50 ನ್ಯಾನೋಗ್ರಾಂ/ಡೆಸಿಲೀಟರಿಗಿಂತ ಕೆಳಗಿದ್ದರೆ ಇಂಜೆಕ್ಷನ್ ಕೆಲಸ ಮಾಡುತ್ತಿದೆ ಎಂದರ್ಥ.

ನಿಜವಾದ ತಕರಾರು ವರದಿಯದು. ಸಂಖ್ಯೆಯ ಪಕ್ಕ "0–4" (ನ್ಯಾನೋಗ್ರಾಂ/ಮಿಲಿಲೀಟರ್) ಎಂದು ಅಚ್ಚಾಗಿ, 0.9 ಇದ್ದರೂ "ನಾರ್ಮಲ್" ಎಂದು ಬರುತ್ತದೆ. ಆ ಮಿತಿ ಪ್ರಾಸ್ಟೇಟ್ ಇದ್ದು, ಚಿಕಿತ್ಸೆಯೇ ಆಗದವರಿಗೆ. ಗ್ರಂಥಿಯನ್ನೇ ತೆಗೆದವರಲ್ಲಿ ಆರೆಂಟು ವಾರದಲ್ಲಿ ಪಿಎಸ್‌ಎ 0.1ಕ್ಕಿಂತ ಕೆಳಗಿಳಿಯಬೇಕು. ಆಮೇಲೆ 0.2 ಮುಟ್ಟಿ, ಮರುಪರೀಕ್ಷೆಯಲ್ಲೂ ಹಾಗೇ ಇದ್ದರೆ ಕಾಯಿಲೆ ಮರಳಿದೆ ಎಂದೇ ಲೆಕ್ಕ. ರೇಡಿಯೇಷನ್ ಆದವರ ಲೆಕ್ಕ ಬೇರೆ: ಇಳಿದ ಅತಿ ಕಡಿಮೆ ಮಟ್ಟಕ್ಕಿಂತ 2 ಹೆಚ್ಚಾದರೆ ಎಚ್ಚರ. ಅವರಲ್ಲಿ ಮೊದಲ ಎರಡು ಮೂರು ವರ್ಷ ಒಮ್ಮೆ ಸ್ವಲ್ಪ ಏರಿ ತಾನಾಗಿ ಇಳಿಯುವುದೂ ಉಂಟು, ಒಂದೇ ವರದಿಗೆ ಕಂಗಾಲಾಗಬೇಕಿಲ್ಲ. ಯಾವ ಚಿಕಿತ್ಸೆ ಆಗಿದೆ ಎಂದು ಕೇಳುವ ಒಂದು ಸಾಲೂ ಇವರ ಫಾರಂನಲ್ಲಿಲ್ಲ!

ಇನ್ನೊಂದು ಲೋಪ: ಒಮ್ಮೆ ಇಲ್ಲೇ ಪರೀಕ್ಷೆ, ಇನ್ನೊಮ್ಮೆ ಬೆಂಗಳೂರಿಗೆ ಸಾಗಣೆ. ಒಂದೇ ರಕ್ತಕ್ಕೆ ಎರಡು ಕಂಪನಿಯ ಯಂತ್ರಗಳು ಬೇರೆ ಬೇರೆ ಸಂಖ್ಯೆ ಕೊಡುತ್ತವೆ, ವ್ಯತ್ಯಾಸ ಶೇ. 20ರಷ್ಟೂ ಇರಬಹುದು. ಕಾಯಿಲೆ ಏರಿದ್ದೋ ಯಂತ್ರ ಬದಲಾಗಿದ್ದೋ ಎಂಬ ಗೊಂದಲಕ್ಕೆ ಇದೇ ಮೂಲ. ವರದಿಯ ಅಡಿಯ ಸಣ್ಣಕ್ಷರದಲ್ಲಿ ವಿಧಾನದ ಹೆಸರಿರುತ್ತದೆ, ಹಳೆಯ ವರದಿಯ ಜೊತೆ ಹೋಲಿಸಿ. ಆಪರೇಷನ್ ಆದವರು 0.01ರವರೆಗೆ ಹಿಡಿಯುವ ಅಲ್ಟ್ರಾಸೆನ್ಸಿಟಿವ್ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ವಿಚಾರಿಸಿ. ಬೇಕೆಂದರೆ ಬುಕಿಂಗಿನಲ್ಲೇ ಹೇಳಬೇಕು, ತಾವಾಗಿ ಮಾಡುವುದಿಲ್ಲ.

ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯ ಬಗ್ಗೆಯೂ ಕೇಳುವುದಿಲ್ಲ. ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಪಿಎಸ್‌ಎಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಸುಳ್ಳು ಸಮಾಧಾನ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಡಾಕ್ಟರನ್ನು ಕೇಳಿ. ರೇಡಿಯೇಷನ್ ಆದವರಿಗೆ ಉರಿಮೂತ್ರ, ಸೋಂಕು ಇದ್ದರೆ ಸಂಖ್ಯೆ ಏರಬಹುದು, ಅದು ಗುಣವಾದ ಮೇಲೆ ರಕ್ತ ಕೊಡುವುದೇ ಲೇಸು.

ವರದಿ ವಾಟ್ಸಾಪಿಗೆ ರಾತ್ರಿ ಹೊತ್ತು ಬಂದು ಬೀಳುತ್ತದೆ. ಶನಿವಾರ ರಕ್ತ ಕೊಟ್ಟರೆ ಭಾನುವಾರವಿಡೀ ಆ ಸಂಖ್ಯೆ ನೋಡುತ್ತ ಕೂರಬೇಕು. ಸೋಮವಾರವೋ ಮಂಗಳವಾರವೋ ಬುಕ್ ಮಾಡಿ, ಮರುದಿನವೇ ಡಾಕ್ಟರ ಕೈಗೆ ಕೊಡಬಹುದು.