'ಭಾನುವಾರದವರೆಗೆ ಮಾತ್ರ' ಅಂದರೆ ನಂಬಬೇಡಿ: 2,121 ರೂಪಾಯಿಯ ಬರ್ಗರ್ ಕಥೆ

ಇದನ್ನು ಬರೆಯಲೋ ಬೇಡವೋ ಅಂತ ಮೂರು ವಾರ ಸುಮ್ಮನಿದ್ದೆ. ಒಂದು ಬರ್ಗರ್‌ಗೆ ಯಾರಾದರೂ ಇಷ್ಟು ಉರಿದುಕೊಳ್ಳುತ್ತಾರಾ ಅಂತ ಹೆಂಡತಿ ಬೈದಳು. ಆದರೆ ನಿನ್ನೆ ಅದೇ ಅಂಗಡಿ ಮುಂದೆ ಹೋಗುವಾಗ ಒಂದು ಬೋರ್ಡು ಕಂಡಿತು. ಅದನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ. ಬೋರ್ಡಿನ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ನನ್ನ ಪೆದ್ದುತನ ಕೇಳಿ.

ಹಾಸನದಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬೆಂಗಳೂರಿಗೆ ಬಂದಿದ್ದರು. ಹೆಂಡತಿ ತವರಿಗೆ ಹೋಗಿದ್ದಳು, ಊಟ ಹೊರಗೆ ಅಂತಾಯಿತು. ಭಾವ ಪಾಪ, ಮೊದಲೇ ಹೇಳಿದರು, "ಎಲ್ಲಾದರೂ ಒಳ್ಳೆ ಮಸಾಲೆ ದೋಸೆ ತಿಂದು ಬರೋಣ" ಅಂತ. ನಾನು ಸುಮ್ನೆ ಇರಬೇಕಿತ್ತು. "ದೋಸೆ ಯಾವತ್ತು ಬೇಕಾದರೂ ಸಿಗುತ್ತೆ ಭಾವ. ಇದು ಈ ಭಾನುವಾರದವರೆಗೆ ಮಾತ್ರ" ಅಂದೆ. ಆ ಮಾತು ಈಗಲೂ ಕಿವಿಯಲ್ಲಿ ಕೇಳುತ್ತೆ.

'ಇದು' ಅಂದರೆ ಕೊರಿಯನ್ ಪನೀರ್ ಬರ್ಗರ್. ದೊಡ್ಡ ಫಾಸ್ಟ್ ಫುಡ್ ಕಂಪನಿ, ಹೆಸರು ಬೇಡ. ಹತ್ತು ದಿನದಿಂದ ಫೋನ್ ತೆಗೆದರೆ ಅದರದೇ ರೀಲ್ಸು. ಕಪ್ಪು ಬನ್ನು, ಬೆರಳು ದಪ್ಪದ ಪನೀರ್, ಪಕ್ಕದಿಂದ ಇಣುಕುವ ಕಿಮ್ಚಿ, ಮೇಲಿಂದ ಸುರಿಯುವ ಕೆಂಪು ಸಾಸ್. ತಿಂದವರೆಲ್ಲ ಕಣ್ಣು ಮುಚ್ಚಿಕೊಂಡು ತಲೆ ಆಡಿಸುತ್ತಿದ್ದರು. ಆ ರೀಲ್ಸಿನ ಮೂಲೆಯಲ್ಲಿ 'ಪೇಯ್ಡ್ ಪಾರ್ಟ್‌ನರ್‌ಶಿಪ್', ಅಂದರೆ ದುಡ್ಡು ಕೊಟ್ಟು ಮಾಡಿಸಿದ್ದು, ಅಂತ ಸಣ್ಣಗೆ ಬರೆದಿತ್ತು. ನಾನು ನೋಡಿದ್ದು ಮನೆಗೆ ಬಂದ ಮೇಲೆ.

ಮಾಲ್‌ನಲ್ಲಿ ಇಪ್ಪತ್ತೈದು ನಿಮಿಷ ಕ್ಯೂ. ಕೌಂಟರ್‌ನಲ್ಲಿ ಆರ್ಡರ್ ತಗೊಳ್ಳಲ್ಲ, ಟಚ್ ಸ್ಕ್ರೀನ್‌ನಲ್ಲೇ ಒತ್ತಬೇಕು. ಸ್ಕ್ರೀನ್ ಮೇಲೆ 'ಕೊನೆಯ 3 ದಿನ' ಅಂತ ಮಿಣುಕುತ್ತಿದೆ, ಹಿಂದೆ ಜನ ನಿಂತಿದ್ದಾರೆ, ಮಕ್ಕಳು ಕೈ ಎಳೆಯುತ್ತಿದ್ದಾರೆ. ಕಾಂಬೋ 369 ರೂಪಾಯಿ. ಐದು ಒತ್ತಿದೆ. ಯುಪಿಐ ಮಾಡಿದೆ. 2,121.

ಮಾಮೂಲಿ ಪನೀರ್ ಬರ್ಗರ್ ಕಾಂಬೋ ಅದೇ ಅಂಗಡಿಯಲ್ಲಿ 259. ಅಂದರೆ ಒಂದೊಂದಕ್ಕೂ 110 ರೂಪಾಯಿ ಜಾಸ್ತಿ ಕೊಟ್ಟೆ. ಹೊಸದಲ್ವಾ, ಕೊಡೋಣ ಅಂತ.

ಟ್ರೇ ಬಂತು. ಡಬ್ಬಿ ಮಾತ್ರ ಚೆನ್ನಾಗಿತ್ತು, ಮೇಲೆ ಕೊರಿಯನ್ ಅಕ್ಷರಗಳು. ಅಕ್ಕನ ಮಗ ತೆಗೆದ. ತೆಗೆದು ನನ್ನ ಮುಖ ನೋಡಿದ. "ಮಾಮ, ನಮ್ದು ಬೇರೆ ಬಂದಿದೆ ಅನ್ಸುತ್ತೆ" ಅಂದ.

ನನಗೂ ಹಾಗೇ ಅನಿಸಿತು. ಬಿಳಿ ಬನ್ನು. ಅದೇ ಮಾಮೂಲಿ ಬನ್ನು. ಒಳಗೆ ಅದೇ ಮಾಮೂಲಿ ಪ್ಯಾಟಿ, ಮೇಲೆ ಒಂದು ಚಮಚ ಕೆಂಪು ಸಾಸ್. ನಾಲ್ಕು ಎಳೆ ಹಸಿ ಎಲೆಕೋಸು. ಇನ್ನೊಂದು ಡಬ್ಬಿ ತೆಗೆದೆ, ಅದೂ ಹಾಗೇ. ಐದೂ ಹಾಗೇ. ರುಚಿ ಅಂದರೆ, ಗಾಡಿ ಗೋಬಿ ಮಂಚೂರಿಗೆ ಸಕ್ಕರೆ ಹಾಕಿದ ಹಾಗೆ.

ಡಬ್ಬಿ ಹಿಡಿದುಕೊಂಡು ಕೌಂಟರ್‌ಗೆ ಹೋದೆ. ಅಲ್ಲಿದ್ದ ಮ್ಯಾನೇಜರ್ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ಕಪ್ಪು ಬನ್ ಎಲ್ಲಿ?"

"ಸ್ಟಾಕ್ ಇಲ್ಲ ಸರ್."

"ಸ್ಟಾಕ್ ಇಲ್ಲ ಅಂತ ಆರ್ಡರ್ ಮಾಡುವಾಗ ಯಾಕೆ ಹೇಳಲಿಲ್ಲ?"

"ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ ಸರ್."

"ಕಿಮ್ಚಿ?"

"ಕೋಸು ಇದೆಯಲ್ಲ ಸರ್."

ಕೋಸು ಇದೆಯಲ್ಲ! ಸ್ವಾಮಿ, ಕಿಮ್ಚಿ ಅಂದರೆ ಉಪ್ಪು ಖಾರ ಹಾಕಿ ಹುಳಿ ಬರುವ ತನಕ ಇಟ್ಟ ಕೋಸು. ನಮ್ಮ ಉಪ್ಪಿನಕಾಯಿ ಇದ್ದ ಹಾಗೆ. ಹಸಿ ಮಾವಿನಕಾಯಿ ತಟ್ಟೆಗೆ ಹಾಕಿ ಉಪ್ಪಿನಕಾಯಿ ಅಂದರೆ ಒಪ್ಪುತ್ತೀರಾ? ಇಷ್ಟೆಲ್ಲ ಅಲ್ಲಿ ಹೇಳಲು ಬಾಯಿಗೆ ಬರಲಿಲ್ಲ, ಈಗ ಬರುತ್ತಿದೆ. ಪೋಸ್ಟರ್ ಕಡೆ ಕೈ ತೋರಿಸಿದೆ. ಅವರು ನಗುನಗುತ್ತಲೇ, "ಫೋಟೋ ರೆಫರೆನ್ಸ್‌ಗೆ ಅಷ್ಟೇ ಸರ್, ಕೆಳಗೆ ಬರೆದಿದೆ" ಅಂದರು. ಬರೆದಿತ್ತು. ಇರುವೆ ಸಾಲಿನಷ್ಟು ಸಣ್ಣಗೆ.

ಮ್ಯಾನೇಜರ್ ಆ ಕಡೆ ಹೋದ ಮೇಲೆ ಟ್ರೇ ಒರೆಸುತ್ತಿದ್ದ ಹುಡುಗ ಮೆಲ್ಲಗೆ ಹೇಳಿದ, "ಪ್ಯಾಟಿ ಅದೇ ಐತ್ರಿ ಸರ್. ಸಾಸ್ ಅಷ್ಟೇ ಬ್ಯಾರೆ." ಇಡೀ ಅಂಗಡಿಯಲ್ಲಿ ನಿಜ ಹೇಳಿದವನು ಅವನೊಬ್ಬನೇ.

ವಾಪಸ್ ಬಂದು ಕೂತೆ. ಭಾವ ಪೂರ್ತಿ ತಿಂದು ಮುಗಿಸಿದ್ದರು, ಅವರು ತಟ್ಟೆಯಲ್ಲಿ ಏನೂ ಬಿಡುವವರಲ್ಲ. "ಹೇಗಿದೆ ಭಾವ?" ಅಂದೆ, ಕೇಳಬಾರದಿತ್ತು. "ಪರವಾಗಿಲ್ಲಪ್ಪ" ಅಂದರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ರಾತ್ರಿ ಬಿಲ್ ಬಿಡಿಸಿ ನೋಡಿದೆ. ಐದು ಕಾಂಬೋ 1,845. ಜಿಎಸ್‌ಟಿ ಶೇಕಡಾ 5. ಹಾಗಾದರೂ 2,121 ಹೇಗಾಯಿತು? 'ಎಕ್ಸ್‌ಟ್ರಾ ಚೀಸ್' 35 ರೂಪಾಯಿ, ಇಂಟು ಐದು. 175! ನಾನು ಚೀಸ್ ಒತ್ತಿಯೇ ಇಲ್ಲ. ಸ್ಕ್ರೀನ್‌ನಲ್ಲಿ ಅದು ಮೊದಲೇ ಟಿಕ್ ಆಗಿರುತ್ತೆ, ಬೇಡ ಅಂದರೆ ನಾವೇ ತೆಗೆಯಬೇಕು. ಹಿಂದೆ ಕ್ಯೂ ಇರುವಾಗ ಯಾರು ನೋಡುತ್ತಾರೆ? ನೋಡಬೇಕು. ನಾನು ನೋಡಲಿಲ್ಲ.

ಇದೆಲ್ಲ ಹಳೆ ಆಟ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್‌ನ ಮೆಕ್‌ರಿಬ್ ಅಂತ ಒಂದು ಸ್ಯಾಂಡ್‌ವಿಚ್ ಇದೆ, 1981ರದ್ದು. (ನನ್ನ ಕಥೆಗೂ ಅವರಿಗೂ ಸಂಬಂಧ ಇಲ್ಲ.) ಅದಕ್ಕೆ 2005ರಲ್ಲಿ 'ವಿದಾಯ ಪ್ರವಾಸ' ಮಾಡಿದರು. 2006ರಲ್ಲಿ ಮತ್ತೆ ವಿದಾಯ. 2007ರಲ್ಲಿ ಮತ್ತೆ. 2022ರಲ್ಲಿ ಇನ್ನೊಂದು ವಿದಾಯ, ಮರುವರ್ಷ ಮತ್ತೆ ಹಾಜರ್. ನಮ್ಮ ಕಡೆ ನಾಟಕ ಕಂಪನಿಗಳೂ 'ಇಂದೇ ಕೊನೆ ಆಟ' ಅಂತ ಬೋರ್ಡು ಹಾಕುತ್ತಿದ್ದವು, ಆದರೆ ಅಲ್ಲಿ ನಾಟಕವಾದರೂ ಚೆನ್ನಾಗಿರುತ್ತಿತ್ತು.

ನಿಜವಾಗಲೂ ಕೆಲವೇ ದಿನ ಸಿಗುವ ತಿಂಡಿ ನಮಗೆ ಗೊತ್ತಿಲ್ವಾ? ಜನವರಿಯಲ್ಲಿ ವಿ.ವಿ. ಪುರಂ ಕಡೆ ಅವರೆಕಾಯಿ ಮೇಳ ನೋಡಿ. ಸೊಗಡಿನ ಅವರೆ ಬರುವುದೇ ಚಳಿಯಲ್ಲಿ, ಕಾಲ ಮುಗಿದರೆ ಹಿತಕಿದ ಬೇಳೆ ಸಾರಿನ ಆ ಘಮ ಮುಗಿಯಿತು. ಯಾರೂ ಟೈಮರ್ ಇಡಬೇಕಾಗಿಲ್ಲ. ಸಾಸ್ ಪಾಕೆಟ್‌ಗೆ ಯಾವ ಸುಗ್ಗಿ?

ಕಂಪನಿಗೆ ಮೇಲ್ ಹಾಕಿದೆ. ಕಪ್ಪು ಬನ್ನಿನ ಫೋಟೋ, ನನ್ನ ಬಿಳಿ ಬನ್ನಿನ ಫೋಟೋ, ಬಿಲ್, ಎಲ್ಲ ಸೇರಿಸಿ. ಆರು ದಿನ ಬಿಟ್ಟು ಉತ್ತರ ಬಂತು. ನಿಮಗಾದ ತೊಂದರೆಗೆ ವಿಷಾದ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಇಗೋ 100 ರೂಪಾಯಿ ಕೂಪನ್. 499ಕ್ಕಿಂತ ಜಾಸ್ತಿ ಆರ್ಡರ್ ಮಾಡಿದರೆ ಮಾತ್ರ. ಏಳು ದಿನದೊಳಗೆ ಮಾತ್ರ! ಚೀಸ್ ದುಡ್ಡಿನ ಬಗ್ಗೆ ಒಂದಕ್ಷರ ಇಲ್ಲ. ಮತ್ತೆ ಬರೆದೆ. ಅದೇ ಉತ್ತರ, ಅದೇ ಕೂಪನ್, ಅದೇ ವಿಷಾದ.

2023ರ ನವೆಂಬರ್‌ನಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಕುತಂತ್ರಗಳ ಪಟ್ಟಿ ಮಾಡಿದೆ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಎರಡೂ ಅದರಲ್ಲಿವೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಹೋಗಲಿ ಅಂತ ಬಿಡಲ್ಲ, 175 ರೂಪಾಯಿ ಆದರೂ ಸರಿ.

ನೀವು ಹೋಗಲೇಬೇಕು ಅಂದರೆ ಹೋಗಿ, ಮಕ್ಕಳು ಬಿಡಬೇಕಲ್ಲ. ಒಂದೇ ಒಂದು ತಗೊಳ್ಳಿ, ಹಂಚಿಕೊಳ್ಳಿ. ದುಡ್ಡು ಕಟ್ಟುವ ಮುಂಚೆ ಟಿಕ್ ಆಗಿರುವುದನ್ನೆಲ್ಲ ತೆಗೆಯಿರಿ, ಹಿಂದಿನವರು ಗೊಣಗಿದರೆ ಗೊಣಗಲಿ. ಕೌಂಟರ್‌ನಲ್ಲಿ ಕೇಳಿ, ಪೋಸ್ಟರ್‌ನಲ್ಲಿರುವ ಬನ್ ಇವತ್ತು ಇದೆಯಾ, ಪ್ಯಾಟಿ ಹೊಸದಾ ಅಂತ. ಮ್ಯಾನೇಜರ್‌ನ ಕೇಳಬೇಡಿ, ಟ್ರೇ ಒರೆಸುವ ಹುಡುಗನ್ನ ಕೇಳಿ.

ಇನ್ನು ನಿನ್ನೆಯ ಬೋರ್ಡು. 'ಭಾನುವಾರದವರೆಗೆ ಮಾತ್ರ' ಅಂದಿದ್ದು ಮೂರು ಭಾನುವಾರ ಕಳೆದರೂ ಅಲ್ಲೇ ಇದೆ. ಈಗ ಅದರ ಮೇಲೆ ಹೊಸ ಚೀಟಿ ಅಂಟಿಸಿದ್ದಾರೆ, 'ಜನರ ಒತ್ತಾಯದ ಮೇರೆಗೆ ಮತ್ತೆ ಬಂದಿದೆ, 299 ಮಾತ್ರ'. ಹೋಗಿದ್ದು ಯಾವಾಗ, ಬಂದಿದ್ದು ಯಾವಾಗ?

ಸಂಜೆ ಅಕ್ಕ ಫೋನ್ ಮಾಡಿದ್ದಳು. ಮುಂದಿನ ತಿಂಗಳು ಯಾವುದೋ ಮದುವೆಗೆ ಮತ್ತೆ ಬರುತ್ತಾರಂತೆ. "ನಿಮ್ಮ ಭಾವ ಕೇಳ್ತಿದಾರೆ ಕಣೋ, ಆ ಬರ್ಗರ್ ಇನ್ನೂ ಸಿಗುತ್ತಾ ಅಂತ" ಅಂದಳು. ಹಿಂದಿನಿಂದ ಭಾವ ಜೋರಾಗಿ ನಗುತ್ತಿದ್ದುದು ಕೇಳಿಸಿತು.

"ಸಿಗುತ್ತೆ ಅಕ್ಕ" ಅಂದೆ. "ಎಪ್ಪತ್ತು ರೂಪಾಯಿ ಕಮ್ಮಿಗೆ."