ಕೋಲಾರದ ಒಂದು ಫಿಸಿಯೋಥೆರಪಿ ಕೇಂದ್ರ: ದರ ಮೂರು, ಚಿಕಿತ್ಸೆ ಒಂದೇ

ಈ ಕೇಂದ್ರದಲ್ಲಿ ಒಂದು ಸಿಟ್ಟಿಂಗ್‌ಗೆ 150, 300, 450 ಎಂದು ಮೂರು ದರ. ಯಾವುದು ಕೊಡಬೇಕೆಂಬುದು ಬಂದವರ ತೀರ್ಮಾನ, ಆದಾಯದ ದಾಖಲೆ ಕೇಳುವುದಿಲ್ಲ. ಬೋರ್ಡಿನಲ್ಲಿ ನಡುವಿನ ದರದ ಪಕ್ಕದಲ್ಲಿ ‘ನಮಗೆ ಬೀಳುವ ಖರ್ಚು ಇಷ್ಟು’ ಎಂದು ಬರೆದಿದ್ದಾರೆ. ಇಡೀ ಪದ್ಧತಿ ನಿಂತಿರುವುದು ಆ ಒಂದು ಸಾಲಿನ ಮೇಲೆ. ಅದಿಲ್ಲದಿದ್ದರೆ 150 ರೂಪಾಯಿಯೇ ನ್ಯಾಯದ ದರ, ಮಿಕ್ಕಿದ್ದು ಲಾಭ ಎಂದು ಜನ ತಿಳಿದುಕೊಳ್ಳುತ್ತಾರೆ.

ಹತ್ತು ಜನರಲ್ಲಿ ಮೂವರು 150, ನಾಲ್ವರು 300, ಮೂವರು 450 ಕೊಟ್ಟರೆ 3,000 ರೂಪಾಯಿ, ಖರ್ಚಿಗೆ ಸರಿಹೋಯಿತು. ನಡುವಿನ ಇಬ್ಬರು ಕೆಳಗಿಳಿದರೆ 300 ಖೋತಾ. ಅದನ್ನು ತುಂಬಲು ನಡುವೆ ಉಳಿದ ಇಬ್ಬರೂ 450ಕ್ಕೆ ಏರಬೇಕು, ಅದು ಸುಲಭವಲ್ಲ. ಹಾಗಾಗಿ ಕೇಂದ್ರ ಜನ ಕೊಟ್ಟ ಹಣದ ತಿಂಗಳ ಸರಾಸರಿಯನ್ನೂ ಬೋರ್ಡಿಗೆ ಹಾಕಿದರೆ ಒಳ್ಳೆಯದು.

ದಾಖಲೆ ಕೇಳದಿರುವುದು ಈ ಊರಿಗೆ ಸರಿಯಾಗಿ ಒಪ್ಪುತ್ತದೆ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಬಾಳಿಕೆ. ಬೆಳೆಗಾರನ ಈ ತಿಂಗಳ ಗಳಿಕೆಯನ್ನು ಆ ಕಾಗದ ಹೇಗೆ ಹೇಳೀತು? ಇಲ್ಲಿ ಹತ್ತು ಸಿಟ್ಟಿಂಗ್‌ಗೊಮ್ಮೆ ದರ ಬದಲಿಸಿಕೊಳ್ಳಬಹುದು. ಬೇರೆ ಕಡೆಯವರೂ ನೋಡಿ ಕಲಿಯಬೇಕಾದ ನಿಯಮ.

ಚಿಕಿತ್ಸೆಯಲ್ಲಿ ಭೇದ ಕಾಣುವುದಿಲ್ಲ. ಮಂಡಿ ಸವೆತಕ್ಕೆ 15 ನಿಮಿಷ ಐಎಫ್‌ಟಿ (ನೋವಿರುವ ಕಡೆ ಸಣ್ಣ ಕರೆಂಟ್ ಹಾಯಿಸುವ ಮೆಷಿನ್), ಆಮೇಲೆ ತೊಡೆಯ ಸ್ನಾಯುವಿನ ವ್ಯಾಯಾಮ, ಮನೆಯಲ್ಲಿ ಮಾಡಲು ಚಿತ್ರವಿರುವ ಹಾಳೆ. ಮೆಷಿನ್ ನೋವು ತಗ್ಗಿಸುತ್ತದೆ ಅಷ್ಟೇ; ಬಲ ಬರುವುದು ವ್ಯಾಯಾಮದಿಂದ ಎಂದು ಬಿಡಿಸಿ ಹೇಳುತ್ತಾರೆ.

ಎಡವಿರುವುದು ಎರಡು ಕಡೆ. ಒಂದು, ಕೌಂಟರಿನಲ್ಲಿ ಎಲ್ಲರೆದುರು ‘ಯಾವ ರೇಟಮ್ಮಾ?’ ಎಂದು ಕೂಗಿ ಕೇಳುತ್ತಾರೆ. ಪಕ್ಕದಲ್ಲಿ ಊರಿನವರೇ ಕೂತಿದ್ದರೆ 150 ಎನ್ನಲು ಬಾಯಿ ಬರುವುದಿಲ್ಲ. ಚೀಟಿಯಲ್ಲಿ ಟಿಕ್ ಹಾಕಿಸಿಕೊಂಡರೆ ಮುಗಿಯಿತು, ಕಾಸಿನ ಖರ್ಚಿಲ್ಲ.

ಇನ್ನೊಂದು ದೊಡ್ಡದು. 150ರ ದರ ಬೆಳಿಗ್ಗೆ 11ರಿಂದ 3ರವರೆಗೆ ಮಾತ್ರ. ಸಂಜೆ ಬಂದವರಿಗೆ ಕನಿಷ್ಠ 300. ನರೇಗಾ ಕೂಲಿಯೇ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಅರ್ಧ ದಿನದ ಕೂಲಿ ಬಿಟ್ಟು ಬಂದರೆ 185 ಹೋಯಿತು, 300ರ ಬದಲು 150 ಕೊಟ್ಟು ಉಳಿಸಿದ್ದು 150. ಅಂದರೆ ಮೂಟೆ ಹೊರುವ ಹಮಾಲಿಗೂ ತೋಟದ ಕೆಲಸದ ಹೆಂಗಸಿಗೂ ರಿಯಾಯಿತಿಯೇ 35 ರೂಪಾಯಿ ದುಬಾರಿ. ಬಸ್ ಚಾರ್ಜು, ಕಾಯುವ ಹೊತ್ತು ಬೇರೆ. ಅದರ ಲಾಭ ಆಗುವುದು ಮಧ್ಯಾಹ್ನ ಬಿಡುವಿರುವವರಿಗೆ, ಅವರಲ್ಲಿ ಪಿಂಚಣಿದಾರರೂ ಇದ್ದಾರೆ. ಸಂಜೆಯ ಪ್ರತಿ ಗಂಟೆಗೆ ಎರಡು ಜಾಗವನ್ನಾದರೂ ಈ ದರಕ್ಕೆ ತೆಗೆದಿಡಬೇಕು.

ಹೋಗುವವರು ಮೊದಲ ದಿನವೇ ಹತ್ತು ಸಿಟ್ಟಿಂಗ್ ಹಣ ಕಟ್ಟಬೇಡಿ. ನಡುವೆ ಬಿಟ್ಟರೆ ಹಣ ವಾಪಸ್ ಇಲ್ಲ ಎಂಬುದು ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ.